ಮಕ್ಕಳ ಮೆಸೇಜುಗಳನ್ನು ನಿಮ್ಮ ಸರ್ವರ್‌ನಿಂದ ಅಳಿಸಿ, ನನ್ನ ಹಣ ವಾಪಸ್ ಕೊಡಿ

ಇವರಿಗೆ,
ಗ್ರೀವೆನ್ಸ್ ಆಫೀಸರ್

ವಿಷಯ: ನಿಮ್ಮ ಪೇರೆಂಟಲ್ ಮಾನಿಟರಿಂಗ್ ಆ್ಯಪ್ ಬಗ್ಗೆ ದೂರು

ಮಾನ್ಯರೇ,

ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯ ಹೋಂವರ್ಕ್ ವಾಟ್ಸ್‌ಆ್ಯಪ್ ಗ್ರೂಪಿಗೇ ಬರುವುದರಿಂದ ಅವಳ ಕೈಗೆ ಫೋನ್ ಕೊಡಲೇಬೇಕಾಯಿತು. ರಾತ್ರಿ ಒಂಬತ್ತರ ಮೇಲೆ ರೀಲ್ಸ್ ನಿಲ್ಲಬೇಕು, ಕೆಟ್ಟ ಸೈಟುಗಳು ತೆರೆಯಬಾರದು, ಗುರುತಿಲ್ಲದವರು ಅವಳನ್ನು ಕಾಡಿದರೆ ನನಗೆ ಗೊತ್ತಾಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ನಿಮ್ಮ ಜಾಹೀರಾತಿನಲ್ಲಿ ಇದೆಲ್ಲಾ ಇತ್ತು, ಕನ್ನಡ ಮೆಸೇಜುಗಳನ್ನೂ ಗುರುತಿಸುತ್ತೇವೆ ಅಂತಲೂ ಇತ್ತು. ವರ್ಷದ ಪ್ಲಾನಿಗೆ 3,499 ರೂಪಾಯಿ ಕಟ್ಟಿದೆ.

ಹಣ ಕಟ್ಟಿದ ಮೇಲೆ ನಿಮ್ಮ ಕಸ್ಟಮರ್ ಕೇರ್‌ನವರು ಫೋನ್ ಮಾಡಿದರು. ಪ್ಲೇ ಸ್ಟೋರಿನಲ್ಲಿರುವ ಆ್ಯಪ್ ಬೇಡ, ಅದರಲ್ಲಿ ಎಲ್ಲಾ ಸೌಲಭ್ಯ ಇಲ್ಲ ಅಂದರು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸಿ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್, ಹಾಕಿಸಿದರು. ಅದಕ್ಕೂ ಮೊದಲು, ಅಪಾಯಕಾರಿ ಆ್ಯಪ್‌ಗಳನ್ನು ಪತ್ತೆ ಮಾಡುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿಸಿದರು. ಆಮೇಲೆ ಅಕ್ಸೆಸಿಬಿಲಿಟಿ, ನೋಟಿಫಿಕೇಶನ್, ಮೈಕ್, ಲೊಕೇಶನ್ ಅಂತ ಒಂದೊಂದಕ್ಕೂ ಅನುಮತಿ ಕೊಡಿಸಿದರು. ಕೊನೆಗೆ ಆ್ಯಪಿನ ಐಕಾನೇ ಪರದೆಯಿಂದ ಮಾಯವಾಯಿತು. ಸೆಟಿಂಗ್ಸ್‌ನಲ್ಲಿ ಹುಡುಕಿದರೆ 'ಸಿಸ್ಟಮ್ ಸರ್ವಿಸ್' ಅನ್ನೋ ಹೆಸರಲ್ಲಿ ಕೂತಿತ್ತು. "ಮಗೂಗೆ ಗೊತ್ತೇ ಆಗಲ್ಲ ಮೇಡಂ" ಅಂತ ಅವರು ಭರವಸೆ ಕೊಟ್ಟರು. ನಾನು ಅದನ್ನು ಕೇಳಿರಲಿಲ್ಲ.

ಆ ಲಿಂಕ್ ಯಾಕೆ ಬೇಕಾಯಿತು ಅನ್ನೋದು ನಂತರ ತಿಳಿಯಿತು. ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್‌ಗಳಿಗೆ ಗೂಗಲ್ ಪ್ಲೇನಲ್ಲಿ ಅವಕಾಶ ಇದೆ. ಆದರೆ ಅವು ಬಚ್ಚಿಟ್ಟುಕೊಳ್ಳುವ ಹಾಗಿಲ್ಲ. ಐಕಾನ್ ಕಾಣಬೇಕು, ನಿಗಾ ನಡೆಯುತ್ತಿದೆ ಅನ್ನುವ ನೋಟಿಫಿಕೇಶನ್ ಸದಾ ಮೇಲೆ ಇರಬೇಕು. ಈ ನಿಯಮ ತಪ್ಪಿಸಿಕೊಳ್ಳಲು ಅಲ್ವಾ ನೀವು ಹೊರಗಿನಿಂದ ಫೈಲ್ ಹಾಕಿಸುವುದು? ಇನ್ನು ಅಕ್ಸೆಸಿಬಿಲಿಟಿ ಅನುಮತಿ ಇರುವುದು ಕಣ್ಣು ಕಾಣದವರಿಗೆ, ಕೈ ಸರಿಯಾಗಿ ಆಡದವರಿಗೆ ಫೋನ್ ಬಳಸಲು ನೆರವಾಗಲಿ ಅಂತ. ಅದು ಸಿಕ್ಕ ಆ್ಯಪ್ ಪರದೆಯ ಮೇಲೆ ಬರುವ ಬಹುತೇಕ ಎಲ್ಲವನ್ನೂ ಓದಬಲ್ಲದು. ವಾಟ್ಸ್‌ಆ್ಯಪ್ ಮೆಸೇಜಿಗೆ ದಾರಿಯಲ್ಲಿ ಎಷ್ಟೇ ಭದ್ರ ಬೀಗ ಇದ್ದರೂ, ಪರದೆ ಮೇಲೆ ತೆರೆದುಕೊಂಡ ಮೇಲೆ ಅದು ನಿಮ್ಮ ಪಾಲಾಗುತ್ತದೆ.

ನನ್ನ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಮಗಳ ಫೋನಿನ ಮಾಹಿತಿ ನನಗೆ ತೋರಿಸುವ ನಿಮ್ಮ ಪುಟದಲ್ಲಿ, ಏನೇನು ಬಂತು ಹೇಳುತ್ತೇನೆ. ಮಗಳ ಗೆಳತಿಯೊಬ್ಬಳು ರಾತ್ರಿ ಬರೆದಿದ್ದಳು: ಮನೇಲಿ ಅಪ್ಪ ಅಮ್ಮ ದಿನಾ ಜಗಳ ಆಡ್ತಾರೆ, ಓದೋಕೆ ಮನಸ್ಸೇ ಬರ್ತಿಲ್ಲ. ನನ್ನ ಮಗಳು ಅವಳಿಗೆ ಸಮಾಧಾನ ಹೇಳಿದ್ದಳು. ಅದು ಆ ಇಬ್ಬರು ಹುಡುಗಿಯರ ಮಾತು. ಆ ಹುಡುಗಿಯ ತಾಯಿ ನಿಮಗೆ ಒಪ್ಪಿಗೆ ಕೊಟ್ಟಿಲ್ಲ, ನನಗೂ ಕೊಟ್ಟಿಲ್ಲ. ಆದರೂ ಆ ಮನೆಯ ನೋವು ನಿಮ್ಮ ಸರ್ವರ್‌ನಲ್ಲಿದೆ. ಅದರ ಕೆಳಗೇ ನಮ್ಮ ಬ್ಯಾಂಕಿನ ಒಟಿಪಿ! ಮಗಳ ಫೋನಿನಲ್ಲಿರುವುದು ನನ್ನ ಹಳೇ ಸಿಮ್, ಖಾತೆಗೆ ಜೋಡಿಸಿರುವುದು ಅದೇ ನಂಬರ್. ನಿಮ್ಮಲ್ಲಿ ಕೆಲಸ ಮಾಡುವ ಯಾರ್‍ಯಾರು ಇದನ್ನೆಲ್ಲ ನೋಡಬಹುದು? ಇದಕ್ಕೆ ನನಗೆ ಉತ್ತರ ಬೇಕು.

ಇಷ್ಟು ಓದುವ ಆ್ಯಪ್, ಓದಬೇಕಾದ್ದನ್ನು ಓದುವುದಿಲ್ಲ. ಶಾಲೆಯ ಫಾರಂನಲ್ಲಿ 'ಸೆಕ್ಸ್: ಫೀಮೇಲ್' ಅಂತ ಇದ್ದದ್ದಕ್ಕೆ ಕೆಂಪು ಅಲರ್ಟ್ ಬಂತು. ಪರೀಕ್ಷೆ ಮಾಡೋಣ ಅಂತ ನಾನೇ ಬೇರೆ ನಂಬರಿನಿಂದ "ನಿನ್ನ ಫೋಟೋ ಕಳಿಸು, ಮನೇಲಿ ಹೇಳಬೇಡ" ಅಂತ ಕಳಿಸಿದೆ. ಮಕ್ಕಳು ಬರೆಯುವ ಹಾಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಅಲರ್ಟ್ ಬರಲಿಲ್ಲ. ಕನ್ನಡ ಲಿಪಿಯಲ್ಲಿ ಕಳಿಸಿದರೂ ಇಲ್ಲ. ಮಕ್ಕಳನ್ನು ಬಲೆಗೆ ಹಾಕಿಕೊಳ್ಳುವವರು ಮಾತಾಡುವುದೇ ಹೀಗೆ. ಈ ಒಂದು ಮಾತನ್ನು ಹಿಡಿಯಲಾಗದಿದ್ದರೆ ನನ್ನ ಮಗಳನ್ನು ನೀವು ಯಾವುದರಿಂದ ಕಾಯುತ್ತಿದ್ದೀರಿ? ರಾತ್ರಿ ಒಂಬತ್ತು ಗಂಟೆಯ ಲಾಕ್ ಕೂಡ ಸರಿಯಾಗಿ ಕೆಲಸ ಮಾಡಲಿಲ್ಲ. ಫೋನ್ ಬ್ಯಾಟರಿ ಸೇವರ್‌ಗೆ ಹೋದರೆ ನಿಮ್ಮ ಆ್ಯಪ್ ನಿದ್ದೆಗೆ ಜಾರುತ್ತದೆ.

ರದ್ದು ಮಾಡಲು ಹೋದರೆ ಗುಂಡಿಯ ಮೇಲೆ ಬರೆದದ್ದು ಇದು: "ನನ್ನ ಮಗುವಿನ ಸುರಕ್ಷತೆ ನನಗೆ ಮುಖ್ಯವಲ್ಲ, ರದ್ದು ಮಾಡಿ". ಒಬ್ಬ ತಾಯಿಯ ಹತ್ತಿರ ಈ ಮಾತು ಒತ್ತಿಸುವುದು ಕ್ರೌರ್ಯ. ಗ್ರಾಹಕರನ್ನು ಹೀಗೆ ನಾಚಿಸಿ ತಡೆಯುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಅಂತ ಪಟ್ಟಿ ಮಾಡಿ ನಿಷೇಧಿಸಿದೆ. ತಾನಾಗಿಯೇ ಹಣ ಕಡಿತವಾಗುವ ಆಟೋಪೇಯನ್ನು ನಾನು ಯುಪಿಐ ಆ್ಯಪ್‌ನಲ್ಲೇ ನಿಲ್ಲಿಸಿದ್ದೇನೆ. ಆ್ಯಪನ್ನೂ ತೆಗೆಸಿದ್ದೇನೆ. ಆದರೆ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಹಳೇ ಮೆಸೇಜುಗಳೆಲ್ಲ ಇನ್ನೂ ಹಾಗೇ ತೆರೆದುಕೊಳ್ಳುತ್ತವೆ. ಅಳಿಸಿ ಅಂತ ಬರೆದರೆ ಚಾಟ್‌ಬಾಟ್ ನನಗೆ ಪ್ರೀಮಿಯಂ ಪ್ಲಾನ್ ತೋರಿಸುತ್ತದೆ.

ನನ್ನ ಭಯ ಸುಮ್ನೆ ಹುಟ್ಟಿದ್ದಲ್ಲ. 2018ರಲ್ಲಿ ಅಮೆರಿಕದ ಟೀನ್‌ಸೇಫ್ ಅನ್ನೋ ಇಂಥದ್ದೇ ಆ್ಯಪಿನ ಸರ್ವರ್ ಪಾಸ್‌ವರ್ಡ್ ಇಲ್ಲದೆ ತೆರೆದುಕೊಂಡಿತ್ತು. ಮಕ್ಕಳ ಆ್ಯಪಲ್ ಐಡಿ, ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂತೆ ಅದರಲ್ಲಿ ಬಿದ್ದಿದ್ದವು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಮುಟ್ಟಲು ಪೋಷಕರ ಖಚಿತ ಒಪ್ಪಿಗೆ ಬೇಕು, ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕೂ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಪೂರ್ತಿ ಜಾರಿಗೆ ಇನ್ನೂ ಸಮಯ ಇದೆ ಅಂತ ನಿಮ್ಮ ವಕೀಲರು ಹೇಳಬಹುದು. ಆದರೆ ಮೆಸೇಜ್ ಅಳಿಸಲು ಆ ದಿನ ಬರುವವರೆಗೆ ಕಾಯಬೇಕಿಲ್ಲ.

ಈಗ ನಾವು ಗೂಗಲ್‌ನ ಫ್ಯಾಮಿಲಿ ಲಿಂಕ್ ಬಳಸುತ್ತಿದ್ದೇವೆ. ಅದಕ್ಕೆ ದುಡ್ಡಿಲ್ಲ. ಸಮಯದ ಮಿತಿ ಹಾಕಬಹುದು, ಹೊಸ ಆ್ಯಪ್‌ಗೆ ನನ್ನ ಒಪ್ಪಿಗೆ ಬೇಕು, ಅವಳ ಮೆಸೇಜ್ ಮಾತ್ರ ನನಗೆ ಕಾಣುವುದಿಲ್ಲ. ನಾನು ಏನು ನೋಡಬಲ್ಲೆ ಅನ್ನೋದು ಅವಳಿಗೂ ಗೊತ್ತು. ಮೊದಲ ದಿನ ಇಬ್ಬರೂ ಕೂತು ಸೆಟಿಂಗ್ ಮಾಡಿದೆವು. ಹತ್ತು ನಿಮಿಷ ಜಾಸ್ತಿ ಬೇಕು ಅಂತ ಚೌಕಾಸಿ ಮಾಡಿದಳು, ಕೊಟ್ಟೆ.

ನನ್ನ ಖಾತೆಗೆ ಸೇರಿದ ಎಲ್ಲಾ ಮೆಸೇಜ್, ಲೊಕೇಶನ್, ಧ್ವನಿ ಮುದ್ರಣಗಳನ್ನು ಬ್ಯಾಕಪ್ ಸಮೇತ ಅಳಿಸಿ, ಅಳಿಸಿದ್ದೀರಿ ಅಂತ ಲಿಖಿತವಾಗಿ ತಿಳಿಸಿ. ಮೊದಲು ಆಗಬೇಕಾದ್ದು ಇದು. ಈ ಮಾಹಿತಿ ಯಾವ ದೇಶದ ಸರ್ವರ್‌ನಲ್ಲಿತ್ತು, ಬೇರೆ ಯಾರಿಗಾದರೂ ಕೊಟ್ಟಿದ್ದೀರಾ ಅಂತಲೂ ತಿಳಿಸಿ. ಪೂರ್ತಿ ಹಣ ವಾಪಸ್ ಮಾಡಿ. ಪ್ಲೇ ಪ್ರೊಟೆಕ್ಟ್ ಮತ್ತೆ ಆನ್ ಮಾಡಿ ಅಂತ ನಿಮ್ಮ ಆ್ಯಪ್ ಹಾಕಿಸಿಕೊಂಡ ಎಲ್ಲಾ ಪೋಷಕರಿಗೂ ಸಂದೇಶ ಕಳಿಸಿ, ಅವರಲ್ಲಿ ಅನೇಕರು ಅದನ್ನು ಆಫ್ ಮಾಡಿಯೇ ಬಿಟ್ಟಿರುತ್ತಾರೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
ದಾವಣಗೆರೆ

ಲಗತ್ತು: ಹಣ ಕಟ್ಟಿದ ರಸೀದಿ, ರದ್ದು ಗುಂಡಿಯ ಮತ್ತು ಡ್ಯಾಶ್‌ಬೋರ್ಡ್‌ನ ಸ್ಕ್ರೀನ್‌ಶಾಟ್‌ಗಳು. ಮಕ್ಕಳ ಹೆಸರು, ಮಾತುಗಳನ್ನು ಮುಚ್ಚಿ ಕಳಿಸಿದ್ದೇನೆ.