ನನ್ನ ಮಾತು ಕಾದವರಿಗೆ

ಮೆದುಳಿನ ಆಪರೇಷನ್ ಆಗಿ ಒಂದು ವರ್ಷ ತುಂಬಿತು. ಗಡ್ಡೆ ಮತ್ತೆ ಬೆಳೆದಿಲ್ಲ ಅಂತ ಮೊನ್ನೆಯ ಎಂಆರ್‌ಐ ಹೇಳಿದೆ. ಸರ್ಜನ್‌ಗೆ, ಅರಿವಳಿಕೆ ಡಾಕ್ಟರಿಗೆ, ನರ್ಸ್‌ಗಳಿಗೆ ಆಸ್ಪತ್ರೆಯಲ್ಲೇ ಕೈ ಮುಗಿದು ಬಂದಿದ್ದೆ. ಆದರೆ ಒಬ್ಬರು ಇದ್ದಾರೆ. ಅವರು ವಾರ್ಡಿಗೆ ಬರುವುದಿಲ್ಲ, ರೋಗಿಗೆ ಅವರ ಮುಖ ಕಾಣುವುದಿಲ್ಲ. ಆಪರೇಷನ್ ಉದ್ದಕ್ಕೂ ನನ್ನ ಮೆದುಳಿನ ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ನೋಡುತ್ತಾ ಕೂತಿದ್ದ ಟೆಕ್ನಿಷಿಯನ್ ಮೇಡಂ ಅವರು. ಈ ಬರಹ ಮೊದಲು ಅವರಿಗೆ.

ನನ್ನದು ಗ್ಲಿಯೋಮಾ ಅನ್ನುವ ಮೆದುಳಿನ ಗಡ್ಡೆ. ನಿಧಾನವಾಗಿ ಬೆಳೆಯುವ ಜಾತಿಯದು. ಮೊದಲು ಫಿಟ್ಸ್ ಬಂತು, ಆಮೇಲೆ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಿಸಿತು. ಎಡಭಾಗದಲ್ಲಿ, ಮಾತಿಗೆ ಸಂಬಂಧಪಟ್ಟ ಜಾಗಕ್ಕೆ ಅಂಟಿಕೊಂಡೇ ಇತ್ತು. ಈ ಗಡ್ಡೆಗೆ ಸ್ಪಷ್ಟವಾದ ಅಂಚು ಇರುವುದಿಲ್ಲ. ಒಳ್ಳೆಯ ಮೆದುಳಿನೊಳಗೆ ಅದು ಬೆರೆತು ಹೋಗಿರುತ್ತದೆ. ಇನ್ನು ಮಾತಿನ ಜಾಗವೂ ಎಲ್ಲರಿಗೂ ಒಂದೇ ಕಡೆ ಇರುವುದಿಲ್ಲ, ಒಬ್ಬೊಬ್ಬರಿಗೆ ಅಷ್ಟಿಷ್ಟು ಬೇರೆ. ಮುಂಚೆ ತೆಗೆದ ಸ್ಕ್ಯಾನ್ ನೋಡಿಕೊಂಡು ಕೊಯ್ಯೋಣ ಅಂದರೆ, ತಲೆಬುರುಡೆ ತೆರೆದ ಮೇಲೆ ಮೆದುಳು ಸ್ವಲ್ಪ ಜರುಗಿಬಿಡುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಮೆದುಳನ್ನೇ ಕೇಳಬೇಕು.

ಕೇಳುವುದಕ್ಕೆ ನಾನು ಎಚ್ಚರವಿರಬೇಕಿತ್ತು. ಇದನ್ನು ಹೇಳಿದರೆ ಈಗಲೂ ಜನ ಬೆಚ್ಚುತ್ತಾರೆ. ಆದರೆ ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ನೋವಾಗುವುದು ಚರ್ಮಕ್ಕೆ ಮತ್ತು ಮೆದುಳಿನ ಹೊದಿಕೆಗೆ. ಅದಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿರುತ್ತಾರೆ. ಅರಿವಳಿಕೆ ಡಾಕ್ಟರ್ ಮೊದಲು ಮಲಗಿಸಿ, ಬೇಕಾದ ಹೊತ್ತಿಗೆ ಸರಿಯಾಗಿ ಎಬ್ಬಿಸಿದರು. ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು ಅವರ ದನಿಯೇ. 'ಗಾಬರಿ ಆಗಬೇಡಿ, ಎಲ್ಲಾ ಸರಿಯಿದೆ, ನಾನಿಲ್ಲೇ ಇದ್ದೀನಿ' ಅಂದರು. ಕೊನೆತನಕ ಪಕ್ಕದಲ್ಲೇ ಇದ್ದರು.

ಮೆದುಳಿನ ಮೇಲೆ ಸಿಲಿಕೋನಿನ ತೆಳ್ಳನೆಯ ಪಟ್ಟಿ ಇಟ್ಟಿರುತ್ತಾರೆ. ಅದರಲ್ಲಿ ಪುಟ್ಟ ಪುಟ್ಟ ಲೋಹದ ಬಿಲ್ಲೆಗಳು. ತಲೆಯ ಮೇಲೆ ತಂತಿ ಅಂಟಿಸಿ ಮಾಡುವ ಇಇಜಿ ಗೊತ್ತಲ್ವಾ? ಅಲ್ಲಿ ಸಿಗುವ ಅಲೆಗಳು ತುಂಬಾ ಸಣ್ಣವು. ಮೂಳೆ, ಚರ್ಮ ದಾಟಿ ಬರುವಷ್ಟರಲ್ಲಿ ಮಸುಕಾಗಿರುತ್ತವೆ. ನೇರವಾಗಿ ಮೆದುಳಿನ ಮೇಲೆ ಪಟ್ಟಿ ಇಟ್ಟರೆ ಅದೇ ಅಲೆಗಳು ಎಷ್ಟೋ ಪಟ್ಟು ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಸರ್ಜನ್ ಎರಡು ಮೊನೆಯ ಪೆನ್ನಿನಂಥ ಸಾಧನದಿಂದ ಒಂದೊಂದೇ ಜಾಗಕ್ಕೆ ಕೆಲವೇ ಮಿಲಿಯಾಂಪಿಯರ್ ಕರೆಂಟ್ ಮುಟ್ಟಿಸುತ್ತಾರೆ. ಸ್ಪೀಚ್ ಥೆರಪಿಸ್ಟ್ ನನಗೆ ಚಿತ್ರ ತೋರಿಸುತ್ತಾ ಹೋದರು. 'ಇದು ಮೀನು', 'ಇದು ಕುರ್ಚಿ' ಅಂತ ಹೇಳುತ್ತಿದ್ದೆ. ಒಂದು ಕಡೆ ಮುಟ್ಟಿದಾಗ 'ಇದು...' ಅಂದೆ, ಮುಂದಕ್ಕೆ ಹೋಗಲೇ ಇಲ್ಲ. ಛತ್ರಿ ಅಂತ ಗೊತ್ತು, ಹೆಸರು ಬಾಯಿಗೆ ಬರುತ್ತಿಲ್ಲ. ಕರೆಂಟ್ ತೆಗೆದ ಕೂಡಲೇ ಬಂತು. ಗುರುತಿಗೆ ಆ ಜಾಗದ ಮೇಲೆ ಪುಟ್ಟದೊಂದು ಚೀಟಿ ಇಟ್ಟರು. ಅಲ್ಲಿಗೆ ಕೈ ಹಾಕುವಂತಿಲ್ಲ ಅಂತ ಅರ್ಥ.

ಮೇಡಂ, ನಿಮ್ಮ ಕೆಲಸ ಎಷ್ಟು ದೊಡ್ಡದು ಅಂತ ಆಮೇಲೆ ಸರ್ಜನ್ ಬಿಡಿಸಿ ಹೇಳಿದಾಗಲೇ ನನಗೆ ತಿಳಿದದ್ದು. ಕರೆಂಟ್ ತೆಗೆದ ಮೇಲೂ ಒಮ್ಮೊಮ್ಮೆ ಮೆದುಳು ತಾನಾಗಿಯೇ ಮಿಡಿಯುತ್ತಾ ಇರುತ್ತದಂತೆ. ಹಬ್ಬಿದರೆ ಅದೇ ಫಿಟ್ಸ್. ತಲೆ ತೆರೆದಿರುವಾಗ, ರೋಗಿ ಎಚ್ಚರವಿರುವಾಗ ಫಿಟ್ಸ್ ಜೋರಾದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಇನ್ನೊಂದು ತೊಂದರೆಯೂ ಇದೆ. ಆ ಮಿಡಿತ ಅಕ್ಕಪಕ್ಕಕ್ಕೂ ಹರಡುವುದರಿಂದ, ಮಾತು ನಿಂತದ್ದು ಮುಟ್ಟಿದ ಜಾಗದಿಂದಲೋ ಬೇರೆ ಕಡೆಯಿಂದಲೋ ತಿಳಿಯುವುದಿಲ್ಲ. ಆಗ ಪರೀಕ್ಷೆಯೇ ಸುಳ್ಳಾಗುತ್ತದೆ. ಅದಕ್ಕೇ ಅಲೆಗಳ ಮೇಲೆ ಒಬ್ಬರ ಕಣ್ಣು ಬಿಡದೆ ಇರಬೇಕು. ಮರೆಗೆ ಕಟ್ಟಿದ್ದ ಬಟ್ಟೆಯ ಆಚೆಯಿಂದ ನಿಮ್ಮ ದನಿ ಕೇಳಿತ್ತು: 'ಸರ್, ನಿಲ್ಲಿಸಿ. ಅಲೆ ನಿಲ್ತಾ ಇಲ್ಲ.' ತಕ್ಷಣ ಮೆದುಳಿನ ಮೇಲೆ ತಣ್ಣನೆಯ ಸಲೈನ್ ಸುರಿದರು. ಸ್ವಲ್ಪ ಹೊತ್ತಿಗೆ ನೀವೇ 'ಸರಿಹೋಯ್ತು ಸರ್' ಅಂದಿರಿ. ಕರೆಂಟ್ ಕಡಿಮೆ ಮಾಡಿಕೊಂಡು ಮುಂದುವರಿದರು. ನನಗೆ ಬಲಗೈ ಬೆರಳು ಕೊಂಚ ಅದುರಿದ್ದು ಬಿಟ್ಟರೆ ಏನೂ ಆಗಲಿಲ್ಲ. ಏನೂ ಆಗದ ಹಾಗೆ ನೋಡಿಕೊಂಡದ್ದು ನೀವು. ಗಂಟೆಗಟ್ಟಲೆ ಓಡುವ ಗೆರೆಗಳಲ್ಲಿ ಅದೊಂದು ಬದಲಾವಣೆಯನ್ನು ಆ ಕ್ಷಣಕ್ಕೇ ಗುರುತಿಸುವುದು ಸಣ್ಣ ವಿದ್ಯೆಯಲ್ಲ.

ಈ ವಿದ್ಯೆಯ ಬಗ್ಗೆ ಒಂದಿಷ್ಟು ಓದಿದೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಆಗ ಬಹಳ ಜನ ನಂಬಲಿಲ್ಲ. ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಮೆದುಳಿನ ಅಲೆಗಳ ತಜ್ಞ ಹರ್ಬರ್ಟ್ ಜಾಸ್ಪರ್ ಜೊತೆಯಾಗಿ, ತೆರೆದ ಮೆದುಳಿನ ಮೇಲೆಯೇ ಅಲೆಗಳನ್ನು ದಾಖಲಿಸುತ್ತಾ ಆಪರೇಷನ್ ಮಾಡಿದರು. ಅವರ ಹೆಸರು ಪುಸ್ತಕಗಳಲ್ಲಿದೆ. ಆದರೆ ಆ ಮೇಜಿನ ಮೇಲೆ ಎಚ್ಚರವಾಗಿ ಮಲಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ಫಿಟ್ಸ್ ಕಾಯಿಲೆಯ ರೋಗಿಗಳು. 'ಕೈ ಜುಮ್ಮೆನ್ನುತ್ತಿದೆ', 'ಮಾತು ಬರುತ್ತಿಲ್ಲ' ಅಂತ ಅವರು ಹೇಳಿದ್ದರಿಂದಲೇ ಮೆದುಳಿನ ನಕ್ಷೆ ಬೆಳೆಯಿತು. ನನ್ನ ಕೃತಜ್ಞತೆ ಅವರಿಗೂ ಸಲ್ಲಬೇಕು.

ಗಡ್ಡೆ ಪೂರ್ತಿ ತೆಗೆದಿಲ್ಲ. ಮನೆಯವರಿಗೆ ಮೊದಲು ಇದು ಸಂಕಟ ಆಯ್ತು. 'ಅಷ್ಟು ತೆಗೆದವರು ಇಷ್ಟು ಯಾಕೆ ಬಿಟ್ಟರು?' ಅಂತ ಅಣ್ಣ ಕೇಳಿಯೇಬಿಟ್ಟ. ಆ ಚೂರು ಮಾತಿನ ಜಾಗದಲ್ಲೇ ಇದೆ, ಅಲ್ಲಿ ಮುಟ್ಟಿದಾಗಲೆಲ್ಲ ಮಾತು ನಿಲ್ಲುತ್ತಿತ್ತು ಅಂತ ಸರ್ಜನ್ ಹೇಳಿದರು. ತೆಗೆದದ್ದಕ್ಕೆ ಎಷ್ಟು ಋಣಿಯೋ, ಬಿಟ್ಟದ್ದಕ್ಕೂ ನಾನು ಅಷ್ಟೇ ಋಣಿ. ಇನ್ನೂ ಸ್ವಲ್ಪ ತೆಗೆಯೋಣ ಅನ್ನುವ ಆಸೆ ಯಾವ ಸರ್ಜನ್‌ಗೂ ಇರುತ್ತದೆ. ಅಲೆಗಳನ್ನೂ ನನ್ನ ಮಾತನ್ನೂ ನಂಬಿ ಅವರು ಕೈ ತಡೆದರು. ಉಳಿದದ್ದರ ಮೇಲೆ ಆಗಾಗ ಸ್ಕ್ಯಾನ್ ಮಾಡಿ ಕಣ್ಣಿಟ್ಟಿದ್ದಾರೆ. ಫಿಟ್ಸ್ ಮಾತ್ರೆಯೂ ನಡೆಯುತ್ತಿದೆ.

ಆಪರೇಷನ್ ಆದ ಹೊಸತರಲ್ಲಿ ಬಾವಿನಿಂದ ಮಾತು ತಡವರಿಸುತ್ತಿತ್ತು. ದಿನಾ ಬಂದು ತಾಳ್ಮೆಯಿಂದ ಅಭ್ಯಾಸ ಮಾಡಿಸಿದ ಸ್ಪೀಚ್ ಥೆರಪಿಸ್ಟ್‌ಗೆ, ನಾನು ಪದ ಹುಡುಕುವಾಗ ಅವಸರ ಮಾಡದೆ ಕಾದ ಅಣ್ಣ ಅತ್ತಿಗೆಗೆ ತುಂಬಾ ಧನ್ಯವಾದ.

ಇಂಥ ಆಪರೇಷನ್ ಎದುರು ನೋಡುತ್ತಿರುವವರಿಗೆ ಒಂದು ಮಾತು. ಹೀಗೆ ಎಚ್ಚರವಿರುವುದು, ಅಲೆ ನೋಡುವುದು ಮೆದುಳಿನ ಆಪರೇಷನ್ ಆಗುವ ಎಲ್ಲರಿಗೂ ಬೇಕಾಗುವುದಿಲ್ಲ. ಗಡ್ಡೆ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ನಿಮಗೆ ಬೇಕಾ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಬೇಕು ಅಂದರೆ, ಅಲೆಗಳನ್ನು ನೋಡುವವರನ್ನು ಆಪರೇಷನ್‌ಗೆ ಮುಂಚೆಯೇ ಒಮ್ಮೆ ಭೇಟಿ ಮಾಡಿಸಿ ಅಂತ ಕೇಳಿಕೊಳ್ಳಿ.