ದವಡೆ ಸರ್ಜರಿ ಬರೀ ಅಂದಕ್ಕಾ?

ಸಂಪಾದಕರೇ,

ಮಗಳ ಕೆಳದವಡೆ ಮುಂದಕ್ಕೆ ಚಾಚಿದೆ. ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ, ಚಪಾತಿ ಕಚ್ಚುವುದೂ ಕಷ್ಟ. ಸರ್ಜರಿಗೆ ಹಣ ಕೇಳಿದರೆ ವಿಮಾ ಕಂಪನಿ ‘ಇದು ಅಂದಕ್ಕೆ’ ಎಂದು ಕೈತೊಳೆದುಕೊಂಡಿತು. ಊಟ ಅಗಿಯುವುದು ಶೋಕಿಯಾ?

ಕಾಸ್ಮೆಟಿಕ್ ಸರ್ಜರಿಗೆ ವಿಮೆ ಇಲ್ಲ, ಸರಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಸರಿಪಡಿಕೆಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ತಕ್ಷಣದ ಅಪಾಯವಿದೆ ಎಂದು ಡಾಕ್ಟರು ಬರೆದುಕೊಟ್ಟರೂ ಉಂಟು. ಆದರೆ ವರ್ಷಗಟ್ಟಲೆ ನಿಧಾನವಾಗಿ ಕಾಡುವ ದವಡೆಗೆ ಇದರಲ್ಲಿ ಜಾಗ ಎಲ್ಲಿ? ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದನ್ನು ಬಿಡಿಸಿ ಹೇಳಬೇಕು.

ನನ್ನಂಥವರು ಸುಮ್ನೆ ಕೂರಬೇಡಿ. ಕಂಪನಿಗೆ ಲಿಖಿತ ದೂರು ಕೊಡಿ. ತಿರಸ್ಕರಿಸಿದರೆ, ಇಲ್ಲವೇ 30 ದಿನ ಉತ್ತರ ಬಾರದಿದ್ದರೆ ವಿಮೆಯ ದೂರು ಕೇಳಿ ಇತ್ಯರ್ಥ ಮಾಡುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ಮುಂಬೈ, ಪುಣೆ ಎರಡೂ ಕಡೆ ಕಚೇರಿಯಿದೆ.

– ಒಬ್ಬ ತಾಯಿ, ಮುಲುಂಡ್, ಮುಂಬೈ