ಚಾಟಿ ಇಲ್ಲದ ಬುಗುರಿ

ಮೈಸೂರು
ಭಾನುವಾರ ರಾತ್ರಿ

ಲೋ ಶಿವು,

ಹೇಗಿದ್ದೀಯ? ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಗುತ್ತೀಯ, ಆಮೇಲೆ ಏನು ಹೇಳಲು ಹೊರಟಿದ್ದೆ ಅನ್ನೋದೇ ನನಗೆ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹಳೆ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತೇನೆ. ಬೇಜಾರು ಮಾಡ್ಕೋಬೇಡ.

ಇವತ್ತು ಮಧ್ಯಾಹ್ನ ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಮಗನ ಬೇಬ್ಲೇಡ್ ಲಾಂಚರ್ ಕೆಟ್ಟಿತ್ತು. ಬೇಬ್ಲೇಡ್ ಅಂದರೆ ಈಗಿನ ಮಕ್ಕಳ ಕಾದಾಡುವ ಬುಗುರಿ; ಲಾಂಚರ್ ಅಂದರೆ ಪಟ್ಟಿ ಎಳೆದು ಅದನ್ನು ತಿರುಗಿಸಿ ಬಿಡುವ ಸಾಧನ. ಜಾತ್ರೆಯ ಅಂಗಡಿಯಲ್ಲಿ ಕೊಡಿಸಿದ್ದು, ಹೆಸರಿಲ್ಲದ ನಕಲಿ ಮಾಲು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಪಟ್ಟಿ ಎಳೆದಾಗ ಒಳಗೆ ಕಟಕಟ ಅನ್ನಲು ಶುರುವಾಯಿತು. ಬುಗುರಿ ಅರ್ಧ ಜೀವದಲ್ಲಿ ಬಾಣಲೆಗೆ ಬಿದ್ದು, ಎರಡು ಸಲ ತೂರಾಡಿ ಮಲಗುತ್ತಿತ್ತು. ಹೌದು, ಬಾಣಲೆ. ಅದೇ ನಮ್ಮ ಮನೆಯ ಅಖಾಡ. ಹಪ್ಪಳ ಕರಿಯಲು ಬಾಣಲೆ ಬೇಕಾದಾಗೆಲ್ಲ ಅಡುಗೆಮನೆಯಲ್ಲಿ ಜಗಳ.

ಮಗ ಅಂದ, "ಅಪ್ಪಾ, ನೀನು ಊರಿಗೆಲ್ಲಾ ನಂಬರ್ ಒನ್ ಬುಗುರಿ ಆಡ್ತಿದ್ದೆ ಅಲ್ವಾ? ನೀನೇ ರಿಪೇರಿ ಮಾಡು."

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಿನ್ನ ಕಥೆಗಳನ್ನೆಲ್ಲ ನನ್ನವು ಅಂತ ಅವನಿಗೆ ಹೇಳಿಬಿಟ್ಟಿದ್ದೇನೆ. ಗುಡಿಯ ಮುಂದೆ ಬಿಟ್ಟ ಬುಗುರಿಯನ್ನು ಚಾಟಿಯಲ್ಲೇ ಎತ್ತಿ ಅಂಗೈಗೆ ಹಾಕಿಕೊಂಡಿದ್ದು, ಮೇಷ್ಟರ ಮಗನ ಹೊಸ ಬುಗುರಿಯನ್ನು ಒಂದೇ ಏಟಿಗೆ ಸೀಳಿದ್ದು, ಎಲ್ಲಾ. ನನ್ನ ಬುಗುರಿ ಎಷ್ಟು ಸಲ ತಲೆಕೆಳಗಾಗಿ ಬಿದ್ದು ಉರುಳಿಕೊಂಡು ಚರಂಡಿ ಸೇರಿತ್ತು ಅಂತ ನಿನಗೆ ಗೊತ್ತು. ಗೆರೆಯೊಳಗೆ ಗುನ್ನ (ಬೇರೆಯವರ ಬುಗುರಿ ಮೊಳೆಯ ಏಟು) ತಿನ್ನಲು ಇಡುತ್ತಿದ್ದುದು ಯಾವಾಗಲೂ ನನ್ನದೇ. ಒಂದು ಬೇಸಿಗೆಯಲ್ಲಂತೂ ಅದರ ತಲೆ ಸಿಡುಬು ಬಂದ ಮುಖದ ಹಾಗೆ ಆಗಿತ್ತು.

ಇರಲಿ. ಲಾಂಚರ್ ವಿಷಯಕ್ಕೆ ಬರುತ್ತೇನೆ.

ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಏನೇನೋ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಒಂದೇ ಒಂದು ಹಲ್ಲಿನ ಗಾಲಿ ಕಣೋ. ಅದರ ಕೆಳಗೆ ಪುಟ್ಟ ಕೊಕ್ಕೆಗಳು. ಅಷ್ಟೇ. ಹಲ್ಲಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಪಕ್ಕದ ಕಿಂಡಿಯಲ್ಲಿ ತೂರಿಸಿ ಎಳೆದರೆ ಪಟ್ಟಿಯ ಹಲ್ಲು ಗಾಲಿಯ ಹಲ್ಲನ್ನು ಕಚ್ಚಿ ತಿರುಗಿಸುತ್ತದೆ. ಪಟ್ಟಿಯಲ್ಲಿ 90 ಹಲ್ಲು ಎಣಿಸಿದೆ. ಗಾಲಿಯಲ್ಲಿ 9. ಅಂದರೆ ಒಂದು ಎಳೆತಕ್ಕೆ ಹತ್ತು ಸುತ್ತು.

ನನಗೆ ಭಾರಿ ಇಷ್ಟವಾಗಿದ್ದು ಕೊಕ್ಕೆಗಳು. ಬುಗುರಿಯನ್ನು ಲಾಂಚರಿಗೆ ಸಿಕ್ಕಿಸುವಾಗ ಸ್ವಲ್ಪ ತಿರುವಬೇಕು, ಹಳೇ ಬಲ್ಬನ್ನು ಹೋಲ್ಡರಿಗೆ ಹಾಕುತ್ತೇವಲ್ಲ, ಹಾಗೆ. ಪಟ್ಟಿ ಎಳೆಯುತ್ತಿರುವಷ್ಟು ಹೊತ್ತು ಕೊಕ್ಕೆ ಬುಗುರಿಯನ್ನು ಬೆನ್ನಿಗೆ ಬಿದ್ದು ತಳ್ಳುತ್ತಿರುತ್ತದೆ. ಪಟ್ಟಿ ಹೊರಗೆ ಬಂದ ಕೂಡಲೇ ಗಾಲಿಗೆ ತಳ್ಳುವವರಿಲ್ಲ, ಅದು ನಿಧಾನವಾಗುತ್ತದೆ. ಬುಗುರಿ ಮಾತ್ರ ಅದೇ ಜೋರಿನಲ್ಲಿ ಮುಂದೆ ಓಡುತ್ತದೆ. ಓಡಿದಾಗ ತಾನೇ ಕೊಕ್ಕೆಯಿಂದ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ. ಒತ್ತಲು ಗುಂಡಿ ಇಲ್ಲ, ಬಿಡಿಸಲು ಕೀಲಿ ಇಲ್ಲ. ಯಾವಾಗ ಬಿಡಬೇಕು ಅಂತ ಬುಗುರಿಗೇ ಗೊತ್ತು! ನಮ್ಮ ಕಾಲದಲ್ಲಿ ನನಗೆ ಗೊತ್ತಾಗದೇ ಇದ್ದದ್ದು ಅದೊಂದೇ ತಾನೆ? ಬೀಸಿದ ಕೈಯನ್ನು ಯಾವಾಗ ಹಿಂದಕ್ಕೆ ಎಳೆಯಬೇಕು ಅನ್ನೋದು. ನೀನು ನೂರು ಸಲ ತೋರಿಸಿದೆ. "ಹಿಂಗೆ ಬಿಟ್ಟು ಹಂಗೆ ಎಳಿಯೋ" ಅಂದೆ. ಹಿಂಗೆ ಮತ್ತು ಹಂಗೆಯ ನಡುವೆ ಎಷ್ಟು ಹೊತ್ತು ಅಂತ ಮಾತ್ರ ಹೇಳಲಿಲ್ಲ. ಹೇಳಲು ನಿನಗೂ ಬರುತ್ತಿರಲಿಲ್ಲ ಅನ್ನು.

ಈ ಆಟಿಕೆಯ ಮೂಲ ಜಪಾನು. ಅಲ್ಲಿ ಬೇಗೋಮಾ ಅಂತ ಹಳೇ ಬುಗುರಿ ಇದೆ. ಮೊದಮೊದಲು ಬೈ ಅನ್ನೋ ಕಡಲ ಶಂಖದ ಚಿಪ್ಪಿಗೆ ಮರಳು ತುಂಬಿ ಮೇಣದಿಂದ ಮುಚ್ಚಿ ಆಡುತ್ತಿದ್ದರಂತೆ. ಆಮೇಲೆ ಎರಕದ ಕಬ್ಬಿಣದ್ದು ಬಂತು. ಟೋಕಿಯೊ ಪಕ್ಕದ ಕವಾಗುಚಿ ಎರಕದ ಕೆಲಸಕ್ಕೆ ಹೆಸರಾದ ಊರು, ಅಲ್ಲಿ ಇದನ್ನು ಎರಕ ಹೊಯ್ಯುತ್ತಿದ್ದರು. ಗಿಡ್ಡಗೆ, ಚಪ್ಪಟೆಯಾಗಿ, ಬಾಟಲಿ ಮುಚ್ಚಳಕ್ಕಿಂತ ಸ್ವಲ್ಪ ದಪ್ಪ ಅಷ್ಟೇ. ಅದಕ್ಕೆ ನಮ್ಮ ಬುಗುರಿಯ ಹಾಗೆ ಮೊಳೆಯಿಲ್ಲ, ಉದ್ದನೆಯ ಮೈಯಿಲ್ಲ. ದಾರ ನಿಲ್ಲಬೇಕಲ್ಲ? ದಾರದಲ್ಲಿ ಗಂಟು ಹಾಕಿ, ಆ ಗಂಟನ್ನು ಹಿಡಿತ ಮಾಡಿಕೊಂಡು ಸುತ್ತುತ್ತಾರೆ. ಬಕೆಟ್ಟಿನ ಬಾಯಿಗೆ ದಪ್ಪ ಬಟ್ಟೆ ಬಿಗಿದು ಕಟ್ಟಿ, ಅದರ ಮೇಲೆ ಇಬ್ಬರೂ ಒಟ್ಟಿಗೆ ಬಿಡುತ್ತಾರೆ. ಯಾರದ್ದು ಹೊರಗೆ ಹಾರುತ್ತದೋ ಅವರು ಸೋತರು. ನಮ್ಮ ಬುಗುರಿಗೇ ಕೈ ಬಾರದ ನಾನು ಅಲ್ಲಿ ಹುಟ್ಟಿದ್ದರೆ ಗತಿ ಏನಾಗುತ್ತಿತ್ತೋ.

1999ರಲ್ಲಿ ತಕಾರಾ ಅನ್ನೋ ಆಟಿಕೆ ಕಂಪನಿ ಈ ಆಟದಿಂದ ದಾರವನ್ನೇ ತೆಗೆದುಹಾಕಿತು. ಬದಲಿಗೆ ಹಲ್ಲಿನ ಪಟ್ಟಿ, ಲಾಂಚರ್. ಹೆಸರು ಬೇಬ್ಲೇಡ್. ಹೆಸರಿನ ಮೊದಲ ಅಕ್ಷರ ಬೇಗೋಮಾದ್ದೇ. ಬಕೆಟ್ಟಿನ ಬಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಬೋಗುಣಿ ಬಂತು. ಆಮೇಲೆ ಕಾರ್ಟೂನು. ಅದು ನಮ್ಮ ದೇಶದ ಟಿವಿಗೂ ಬಂದಾಗ ನಾವಾಗಲೇ ಕಾಲೇಜು ಮುಗಿಸಿದ್ದೆವು. ನನ್ನ ಅಕ್ಕನ ಮಗ ಸೋಫಾ ಮೇಲೆ ಹತ್ತಿ ಕಿರುಚುತ್ತಿದ್ದುದು ನೆನಪಿದೆ. ಆಗ ನಾನು ಮೂಗು ಮುರಿದಿದ್ದೆ. "ಇದೂ ಒಂದು ಬುಗುರೀನಾ, ಪಟ್ಟಿ ಎಳೆದರೆ ಯಾರು ಬೇಕಾದ್ರೂ ಬಿಡಬಹುದು" ಅಂತ. ಯಾರ ಬಾಯಲ್ಲಿ ಯಾವ ಮಾತು ನೋಡು.

ನಿಜ ಹೇಳಬೇಕೆಂದರೆ ಯಾರು ಬೇಕಾದರೂ ಬಿಡಬಹುದು ಅನ್ನೋದೇ ಅದರ ದೊಡ್ಡಸ್ತಿಕೆ. ಮಗನಿಗೆ ಮೂರು ವರ್ಷವಿದ್ದಾಗ ಚನ್ನಪಟ್ಟಣದ ಬುಗುರಿ ತಂದಿದ್ದೆ. ಹಾಲೆ ಮರದ್ದು, ಅರಗಿನ ಬಣ್ಣ. ಅದಕ್ಕೊಂದು ಮರದ ಹಿಡಿ, ಹಿಡಿಯಲ್ಲಿ ತೂತು. ತೂತಿನಲ್ಲಿ ಬುಗುರಿಯ ಕಡ್ಡಿ ತೂರಿಸಿ, ದಾರ ಸುತ್ತಿ, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಎಳೆಯೋದು. ಗೇರಿಲ್ಲ, ಪ್ಲಾಸ್ಟಿಕ್ಕಿಲ್ಲ, ಆದರೆ ಅದೂ ಲಾಂಚರೇ ಅಲ್ವಾ? ಬುಗುರಿಯನ್ನು ನೆಟ್ಟಗೆ ಹಿಡಿಯುವ ಕೆಲಸವನ್ನು ಹಿಡಿ ವಹಿಸಿಕೊಂಡಿತು, ಮಗುವಿಗೆ ಉಳಿದದ್ದು ಎಳೆಯೋದು ಮಾತ್ರ. ಮೂರು ವರ್ಷದ ಕೂಸು ಮೊದಲ ದಿನವೇ ಬಿಟ್ಟಿತು. ನಾನು ಹನ್ನೊಂದು ವರ್ಷಕ್ಕೂ ಬಿಡಲಿಲ್ಲ.

ಆದರೂ ಚಾಟಿಯ ಬಗ್ಗೆ ಇವತ್ತು ಒಂದು ವಿಷಯ ಹೊಳೆಯಿತು. ನಿನಗೆ ಹೇಳದೆ ಇರಲಾಗುತ್ತಿಲ್ಲ.

ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಡಿಯ ಹತ್ತಿರದ ಹದಿನೈದು ಹಲ್ಲು ಮಾತ್ರ ಸವೆದಿದ್ದವು. ಉಳಿದವು ಹೊಸದರ ಹಾಗೇ ಇದ್ದವು. ಯಾಕೆ ಅಂತ ಯೋಚಿಸಿದೆ. ಎಳೆಯಲು ಶುರು ಮಾಡಿದಾಗ ಮೊದಲು ಕಚ್ಚುವುದು ಅವೇ. ನಿಂತ ಬುಗುರಿಯನ್ನು ಹೊರಡಿಸುವ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಒಮ್ಮೆ ಓಡಲು ಹಿಡಿದ ಮೇಲೆ ಉಳಿದ ಹಲ್ಲುಗಳಿಗೆ ಅಷ್ಟು ಕಷ್ಟವಿಲ್ಲ. ಕೆಟ್ಟ ಬಂಡಿಯನ್ನು ತಳ್ಳುವಾಗ ಮೊದಲ ತಳ್ಳಿಗೇ ಉಸಿರು ಹೋಗುತ್ತದಲ್ಲ, ಹಾಗೆ. ಲಾಂಚರಿನ ಗಾಲಿಗೆ ಒಂದೇ ಅಳತೆ. ಮೊದಲೂ ಅಷ್ಟೇ, ಕೊನೆಗೂ ಅಷ್ಟೇ.

ಈಗ ನಿನ್ನ ಸೀಬೆ ಮರದ ಬುಗುರಿ ನೆನಪು ಮಾಡಿಕೋ. ಚಾಟಿ ಸುತ್ತಲು ಶುರು ಮಾಡುತ್ತಿದ್ದುದು ಎಲ್ಲಿಂದ? ಮೊಳೆಯ ಬುಡದಿಂದ. ಅಲ್ಲಿಂದ ಒತ್ತೊತ್ತಾಗಿ ಮೇಲಕ್ಕೆ, ಹೊಟ್ಟೆಯವರೆಗೆ. ಬಿಚ್ಚಿಕೊಳ್ಳುವಾಗ ಉಲ್ಟಾ. ಮೊದಲು ದಪ್ಪ ಹೊಟ್ಟೆ, ಕೊನೆಗೆ ಮೊಳೆಯ ಹತ್ತಿರದ ಸಣ್ಣ ಭಾಗ. ಹೊಟ್ಟೆ 5 ಸೆಂಟಿಮೀಟರ್ ಅಗಲ ಅಂದುಕೋ, ಅಲ್ಲಿ ಒಂದು ಸುತ್ತಿಗೆ ಹತ್ತಿರ ಹತ್ತಿರ 16 ಸೆಂಟಿಮೀಟರ್ ದಾರ ಹೋಗುತ್ತದೆ. ಮೊಳೆಯ ಬುಡದಲ್ಲಿ 1 ಸೆಂಟಿಮೀಟರ್ ಅಗಲ, ಅಲ್ಲಿ 3 ಸೆಂಟಿಮೀಟರ್ ದಾರಕ್ಕೇ ಒಂದು ಸುತ್ತು. ಅಂದರೆ ಬಲ ಬೇಕಾದಾಗ ಬಲ, ವೇಗ ಬೇಕಾದಾಗ ವೇಗ. ಬಸ್ಸಿನ ಡ್ರೈವರ್ ಫಸ್ಟ್ ಗೇರಿನಲ್ಲಿ ಎತ್ತಿ, ಆಮೇಲೆ ಒಂದೊಂದೇ ಗೇರು ಬದಲಿಸುತ್ತಾನಲ್ಲ, ಅದೇ ಕೆಲಸ. ಇಲ್ಲಿ ಗೇರು ಬದಲಿಸುವವರೇ ಇಲ್ಲ, ಬುಗುರಿಯ ಆಕಾರವೇ ಅದನ್ನು ಮಾಡುತ್ತದೆ. ಹುರಿದಾರ, ಅದರ ತುದಿಗೆ ಬೆರಳಲ್ಲಿ ನಿಲ್ಲಲು ಚಪ್ಪಟೆ ಬಡಿದ ಸೋಡಾ ಮುಚ್ಚಳ. ಇಷ್ಟರಲ್ಲಿ ಅಷ್ಟು ದೊಡ್ಡ ಯಂತ್ರ ಅಡಗಿತ್ತು ಅಂತ ಯಾರಿಗೆ ಗೊತ್ತಿತ್ತು?

ಪಕ್ಕದ ಮನೆಯ ಹುಡುಗನ ಹತ್ತಿರ ದಾರದ ಲಾಂಚರ್ ಇದೆ. ಎಳೆದು ಬಿಟ್ಟರೆ ಸ್ಪ್ರಿಂಗ್ ದಾರವನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಬಡಗಿಯ ಟೇಪಿನ ಹಾಗೆ. ಪಟ್ಟಿ ಹುಡುಕುವ ಗೋಳಿಲ್ಲ. (ನಮ್ಮ ಮನೆಯ ಪಟ್ಟಿ ವಾರಕ್ಕೊಮ್ಮೆ ಸೋಫಾ ಕೆಳಗೆ.) ದಾರ ತೆಗೆದವರು ಮತ್ತೆ ದಾರಕ್ಕೇ ಬಂದರು. 2023ರಲ್ಲಿ ಬಂದ ಹೊಸ ಬೇಬ್ಲೇಡ್ ಎಕ್ಸಿನಲ್ಲಂತೂ ಅಖಾಡದ ಅಂಚಿಗೇ ಹಲ್ಲಿನ ಹಳಿ ಹಾಕಿದ್ದಾರೆ. ಬುಗುರಿಯ ಬುಡದಲ್ಲೂ ಹಲ್ಲಿದೆ. ಅದು ಹಳಿಗೆ ಸಿಕ್ಕಿದ ತಕ್ಷಣ ಸರ್ರನೆ ಓಡಿ ಎದುರಿಗಿದ್ದದ್ದನ್ನು ಗುದ್ದುತ್ತದೆ. ಲಾಂಚರಿನ ಒಳಗಿದ್ದ ಹಲ್ಲು ಹೊರಗೂ ಬಂತು. ಅದು ಕೊಡಿಸು ಅಂತ ಈಗ ದಿನಾ ಪೀಡೆ.

ಇನ್ನೊಂದು ಮಾತು. ನೀನು ಎಡಚ. ನಮ್ಮೆಲ್ಲರ ಬುಗುರಿ ಒಂದು ಕಡೆ ತಿರುಗಿದರೆ ನಿನ್ನದು ಇನ್ನೊಂದು ಕಡೆ. ಅಪ್ಪಿತಪ್ಪಿ ಎರಡು ತಾಗಿದರೆ ನಮ್ಮ ನಮ್ಮವು ಪಟ್ ಅಂತ ಸಿಡಿದು ದೂರ ಬೀಳುತ್ತಿದ್ದವು. ನಿನ್ನದು ತಾಗಿದರೆ ಮಾತ್ರ ಒಂದಕ್ಕೊಂದು ಉಜ್ಜಿಕೊಂಡು ಅಲ್ಲೇ ಇರುತ್ತಿದ್ದವು. ನಿನ್ನ ಬುಗುರಿಗೆ ಮಂತ್ರ ಹಾಕಿಸಿದ್ದೀಯ ಅಂತ ನಾವು ಮಾತಾಡಿಕೊಂಡಿದ್ದೆವು. ಮಂತ್ರ ಎಂಥದೂ ಅಲ್ಲ. ಎರಡೂ ಒಂದೇ ಕಡೆ ತಿರುಗಿದರೆ ತಾಗುವ ಜಾಗದಲ್ಲಿ ಅವುಗಳ ಮೈ ಎದುರುಬದುರು ಓಡುತ್ತಿರುತ್ತದೆ, ಅದಕ್ಕೇ ಡಿಕ್ಕಿ. ಒಂದು ಬಲಕ್ಕೆ ಒಂದು ಎಡಕ್ಕೆ ತಿರುಗಿದರೆ ಆ ಜಾಗದಲ್ಲಿ ಎರಡೂ ಒಂದೇ ದಿಕ್ಕಿಗೆ ಓಡುತ್ತವೆ, ಗಡಿಯಾರದ ಗಾಲಿಗಳ ಹಾಗೆ. ಆಗ ಜೋರಾಗಿರುವುದರ ಓಟ ಸೊರಗಿದ್ದಕ್ಕೆ ಸ್ವಲ್ಪ ಸ್ವಲ್ಪ ದಾಟುತ್ತದೆ. ಬೇಬ್ಲೇಡಿನಲ್ಲಿ ಇದಕ್ಕೆಂದೇ ಎಡಕ್ಕೆ ತಿರುಗುವವು ಇವೆ. ಎಲ್-ಡ್ರಾಗೋ ಅಂತ ಒಂದು ಬಲು ಹೆಸರುವಾಸಿ. ಅವಕ್ಕೆ ಬೇರೆಯೇ ಲಾಂಚರ್ ಬೇಕು. "ಓಹೋ, ಎಡಚರಿಗೂ ಮಾಡಿದ್ದಾರಾ!" ಅಂತ ನಾನು ಖುಷಿಯಾಗಿ ಕೇಳಿದೆ. ಮಗ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. "ಅಪ್ಪಾ, ಎಡಗೈಗಲ್ಲ, ಎಡಕ್ಕೆ ತಿರ್ಗೋಕೆ. ನಂಬರ್ ಒನ್ ಅಂತೀಯ, ಇಷ್ಟೂ ಗೊತ್ತಿಲ್ವಾ?"

ರಿಪೇರಿ ಕೊನೆಗೂ ಆಯಿತು. ಅಂಟು ಹಚ್ಚಲಿಲ್ಲ, ಏನೂ ಕತ್ತರಿಸಲಿಲ್ಲ. "ಪಟ್ಟಿಯನ್ನು ಪೂರ್ತಿ ತೂರಿಸಬೇಡ, ಸವೆದ ಹಲ್ಲುಗಳನ್ನು ಹೊರಗೇ ಬಿಟ್ಟು ಎಳೆ" ಅಂದೆ. ಒಳ್ಳೆ ಹಲ್ಲು 75 ಉಳಿದಿವೆ, ಎಂಟು ಸುತ್ತು ಸಿಗುತ್ತದೆ. "ಎರಡು ಸುತ್ತು ಕಮ್ಮಿ ಆಯ್ತಲ್ಲ" ಅಂತ ಮೊದಲು ಮುಖ ಸಣ್ಣ ಮಾಡಿದ. ಆಮೇಲೆ ಅವನೇ ದಾರಿ ಕಂಡುಕೊಂಡ. ಲಾಂಚರನ್ನು ಸ್ವಲ್ಪ ಓರೆ ಮಾಡಿ, ಬಾಣಲೆಯ ಅಂಚಿಗೆ ಬಗ್ಗಿ, ಹತ್ತಿರದಿಂದ ಬಿಟ್ಟ. ಬುಗುರಿ ನಡುವಿಗೆ ಬೀಳದೆ ಅಂಚಿನಲ್ಲೇ ಹೂವಿನ ಎಸಳು ಬರೆದ ಹಾಗೆ ಸುತ್ತಿತು, ಆಮೇಲೆ ಇಳಿದು ನನ್ನದನ್ನು ಹೊಡೆದು ಹೊರಗೆ ಹಾಕಿತು. ಅದನ್ನು ಅವನಿಗೆ ಯಾರು ಹೇಳಿಕೊಟ್ಟರೋ. ಹೇಗೆ ಮಾಡಿದೆ ಅಂತ ಕೇಳಿದೆ. ಮಣಿಕಟ್ಟು ತಿರುವಿ ತೋರಿಸುತ್ತಾ ಅಂದ, "ಹಿಂಗೆ ಇಟ್ಕೊಂಡು ಹಂಗೆ ಎಳಿ."

ಹತ್ತು ಸಲ ಮಾಡಿ ನೋಡಿದೆ ಶಿವು. ಬರಲಿಲ್ಲ.

ದಸರಾ ರಜೆಗೆ ಭದ್ರಾವತಿಯಿಂದ ಎಲ್ಲರನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದೀಯಲ್ಲ, ಬರುವಾಗ ಒಂದು ಮೊಳೆ ಬುಗುರಿ, ಒಂದು ಚಾಟಿ ತಾ. ಇಲ್ಲಿ ಸಿಗುವುದೆಲ್ಲ ಶೋಕೇಸಿಗೆ ಇಡುವಂಥದ್ದು. ಮಗ ನನ್ನ ಕೈಗೆ ಕೊಟ್ಟು "ಬಿಡಪ್ಪಾ" ಅಂದರೆ ನನಗೆ ಭುಜ ನೋವು ಅಂತ ಹೇಳುತ್ತೇನೆ. ನೀನು ಸುಮ್ನೆ ಹೂಂ ಅನ್ನು. ಆಮೇಲೆ ನೀನೇ ಬಿಟ್ಟು ತೋರಿಸು, ಎಡಗೈಯಲ್ಲಿ. ನಾನೇ ನಿನಗೆ ಕಲಿಸಿದ್ದು ಅಂತ ಹೇಳಿಟ್ಟಿದ್ದೇನೆ.

ಎಲ್ಲರೂ ಓದುವ ಕಡೆ ಇಷ್ಟೆಲ್ಲಾ ಬರೆದರೆ ಅವನಿಗೆ ಗೊತ್ತಾಗೋದಿಲ್ವಾ ಅಂತ ಕೇಳಬೇಡ. ಇಷ್ಟುದ್ದ ಓದುವ ತಾಳ್ಮೆ ಅವನಿಗೆ ಇನ್ನೂ ಬಂದಿಲ್ಲ.

ಅತ್ತಿಗೆಗೆ ನಮಸ್ಕಾರ ಹೇಳು. ಪುಟ್ಟಿಗೆ ಮುತ್ತು.

ನಿನ್ನ,
ಚರಂಡಿ ಬುಗುರಿ